ತೊಂಬತ್ತೊಂದನೆಯ ದಿನದ ಫಾರಂ

ನಮ್ಮ ಹಂಗೆರಿಯಲ್ಲಿ ಮಗು ಹುಟ್ಟುವುದಕ್ಕೆ ಮೊದಲೇ ಸರ್ಕಾರದ ಲೆಕ್ಕಕ್ಕೆ ಸಿಗುತ್ತದೆ. ಬಸಿರು ನಿಂತು ತೊಂಬತ್ತೊಂದನೆಯ ದಿನ ಬಂದರೆ ಸಾಕು, ಹೊಟ್ಟೆಯೊಳಗಿನ ಕೂಸೂ ಅಪ್ಪನ ತೆರಿಗೆಯಲ್ಲಿ ತನ್ನ ಪಾಲಿನ ರಿಯಾಯಿತಿ ಕೇಳಬಹುದು. ಅಷ್ಟರೊಳಗೆ ತಾತನಿಗೆ ಸುದ್ದಿ ಮುಟ್ಟಿರಬೇಕು ಎಂಬ ನಿಯಮ ಮಾತ್ರ ಅದರಲ್ಲಿಲ್ಲ. ಅದೊಂದನ್ನು ಸೇರಿಸಿದ್ದರೆ ಚೊಂಕಾ ವೆಂಡೆಲ್ ಆ ಶುಕ್ರವಾರ ಅಷ್ಟು ಬೆವರು ಸುರಿಸಬೇಕಾಗಿರಲಿಲ್ಲ.

ವೆಂಡೆಲ್ ತಿಸಾ ನದಿ ದಂಡೆಯ ನಮ್ಮ ಊರಿನ ಸೌತೆಕಾಯಿ ಉಪ್ಪಿನಕಾಯಿ ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು. ಒಳ್ಳೆಯ ಮನುಷ್ಯ. ಎರಡು ಮಕ್ಕಳ ತಂದೆ. ಸುಳ್ಳು ಹೇಳಲು ಬರುವುದಿಲ್ಲ, ಆದರೆ ಬರುತ್ತದೆ ಎಂದುಕೊಂಡಿದ್ದಾನೆ. ಅವನ ಕಷ್ಟಗಳೆಲ್ಲ ಹುಟ್ಟುವುದು ಅಲ್ಲಿಂದಲೇ.

ಆ ಬೆಳಗ್ಗೆ ಅವನ ಹೆಂಡತಿ ಬೊರೋಕಾ ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಿಸಿದಳು.

"ಇವತ್ತಿಗೆ ತೊಂಬತ್ತೊಂದು," ಅಂದಳು.

ವೆಂಡೆಲ್ ಬಾಯಲ್ಲಿದ್ದ ಬ್ರೆಡ್ಡು ನುಂಗಿದ. "ಹಾಗಾದ್ರೆ ಇವತ್ತೇ ಫಾರಂ ಕೊಟ್ಬಿಡ್ತೀನಿ. ಮೂರನೇದು ಅಂದ್ರೆ ಸುಮ್ನೆ ಅಲ್ಲ ಕಣೆ. ಎರಡಕ್ಕೆ ಕೊಡೋ ರಿಯಾಯಿತಿಗೂ ಮೂರಕ್ಕೆ ಕೊಡೋದಕ್ಕೂ ಅಜಗಜಾಂತರ. ನನ್ನ ತೆರಿಗೆ ಹೆಚ್ಚುಕಡಿಮೆ ಮಾಯ."

"ಸೋಮವಾರ ಕೊಡು. ಭಾನುವಾರ ಅಪ್ಪ ಊಟಕ್ಕೆ ಬರ್ತಾರೆ. ಮೊದಲು ಅವರು ನನ್ನ ಬಾಯಿಂದ ಕೇಳ್ಲಿ. ಆಮೇಲೆ ಸರ್ಕಾರಾನೂ ಕೇಳ್ಲಿ, ಊರೂ ಕೇಳ್ಲಿ."

"ಹೂಂ," ಅಂದ ವೆಂಡೆಲ್.

ಅವಳು ಹಾಗೆ ಹೇಳಲು ಕಾರಣವಿತ್ತು. ಬೊರೋಕಾಳ ಅಪ್ಪ ಕಾಲ್ಮಾನ್ ನದಿಯಲ್ಲಿ ಲಾಂಚು ನಡೆಸುವವರು. ಸೇತುವೆ ಬಹಳ ದೂರ. ಕಾರ್ಖಾನೆಯ ಅರ್ಧಕ್ಕರ್ಧ ಜನ ಆಚೆ ದಡದವರು. ಅವರ ಜೊತೆಗೆ ಅವರ ಸುದ್ದಿಗಳನ್ನೂ ದಿನಾ ದಾಟಿಸುವವರು ಕಾಲ್ಮಾನ್. ಹೋದ ಸಲ ಬೊರೋಕಾ ಬಸುರಿಯಾದಾಗ ಅವಳು ಹೇಳುವುದಕ್ಕೆ ಮೊದಲೇ ದನದ ಡಾಕ್ಟರ ಹೆಂಡತಿ ಲಾಂಚು ಹತ್ತಿ, "ಮತ್ತೆ ತಾತ ಆಗ್ತಿದ್ದೀರಂತೆ" ಎಂದು ಕೈಕುಲುಕಿಬಿಟ್ಟಳು. ಎರಡೂ ದಡದ ಸುದ್ದಿ ಹೊರುವವನಿಗೆ ಸ್ವಂತ ಮಗಳ ಸುದ್ದಿಯನ್ನು ಪ್ರಯಾಣಿಕರು ತಂದುಕೊಡಬೇಕೇ? ಕಾಲ್ಮಾನ್ ಅದಾದ ಮೇಲೆ ಮಗಳ ಮನೆಯ ಹೊಸಿಲು ತುಳಿದದ್ದು ಮಗುವಿನ ದೀಕ್ಷಾಸ್ನಾನಕ್ಕೆ. ಅಲ್ಲೂ ಗೋಡೆಗೆ ಮುಖ ಮಾಡಿ ಕೂತು ಸೂಪು ಕುಡಿದರು. ತಾಯಿಯಿಲ್ಲದೆ ಅಪ್ಪನ ಕೈಯಲ್ಲೇ ಬೆಳೆದ ಬೊರೋಕಾ ಆ ತಿಂಗಳುಗಳಲ್ಲಿ ಅತ್ತದ್ದು ವೆಂಡೆಲ್‌ಗೆ ಚೆನ್ನಾಗಿ ನೆನಪಿತ್ತು. ಅವನಿಗೂ ಈ ಸಲ ಭಾನುವಾರದ ಊಟ ಸರಿಯಾಗಿ ಆಗಬೇಕು ಅನ್ನಿಸಿತ್ತು.

ಆದರೆ ಕಾರ್ಖಾನೆಯ ಬಾಗಿಲಲ್ಲೇ ಒಂದು ಸೂಚನೆ ಅಂಟಿಸಿದ್ದರು. ಈ ತಿಂಗಳ ಸಂಬಳದ ಲೆಕ್ಕ ಶುಕ್ರವಾರ ಮಧ್ಯಾಹ್ನ ಮುಗಿಯುತ್ತದೆ, ಕೊಡುವ ಕಾಗದವಿದ್ದವರು ಅಷ್ಟರೊಳಗೆ ಕೊಡಬೇಕು.

ವೆಂಡೆಲ್ ಅದನ್ನು ಓದಿ ಅಲ್ಲೇ ನಿಂತ. ಒಂದು ಕಾಗದ. ಒಂದು ಕಿಟಕಿ. ಕಿಟಕಿಯ ಹಿಂದೆ ಇಬೊಯಾ. ಯಾರ ಸಂಬಳ ಎಷ್ಟು, ಯಾರ ಸಂಬಳದಲ್ಲಿ ಕೋರ್ಟಿನವರು ಎಷ್ಟು ಹಿಡಿಯುತ್ತಾರೆ, ಯಾರು ಹೆಂಡತಿಗೆ ಗೊತ್ತಾಗದಂತೆ ಮುಂಗಡ ತೆಗೆದಿದ್ದಾರೆ, ಎಲ್ಲ ಗೊತ್ತಿದ್ದೂ ಯಾರ ಮುಂದೂ ಒಂದಕ್ಷರ ಆಡದ ಹೆಂಗಸು. ನಲವತ್ತು ದಾಟಿದೆ, ಮದುವೆಯಾಗಿಲ್ಲ. ಆಚೆ ದಡದಿಂದ ಬೆಳಗ್ಗೆ ಮೊದಲ ಲಾಂಚಿಗೆ ಬಂದು ಸಂಜೆ ಎಲ್ಲರೂ ಹೋದಮೇಲೆ ಕೊನೆಯ ಲಾಂಚಿಗೆ ಹೋಗುತ್ತಾಳೆ. ಇವಳಿಂದ ಗುಟ್ಟು ಹೋಗುವುದಾದರೆ ಇನ್ನು ಪಾದ್ರಿಗಳನ್ನೂ ನಂಬುವ ಹಾಗಿಲ್ಲ ಎಂದು ವೆಂಡೆಲ್ ತನಗೆ ತಾನೇ ಹೇಳಿಕೊಂಡು ಒಳಗೆ ಹೋದ.

ಇಬೊಯಾ ಫಾರಂ ತೆಗೆದುಕೊಂಡು ಓದಿದಳು.

"ಮೂರನೇ ಸಾಲಲ್ಲಿ ಹೆಸರಿನ ಜಾಗದಲ್ಲಿ ಏನು ಬರೆದಿದ್ದೀರಿ?"

"ಇನ್ನೂ ಇಟ್ಟಿಲ್ಲ ಅಂತ."

"ಹುಟ್ಟಿದ ತಾರೀಖಿನಲ್ಲಿ?"

"ದೇವರೇ ಬಲ್ಲ ಅಂತ."

"ತಾಯಿ ಹೆಸರು ಮಾತ್ರ ಸರಿ ಇದೆ," ಅಂದಳು ಇಬೊಯಾ. "ಹೆಸರಿನ ಜಾಗದಲ್ಲಿ ಭ್ರೂಣ ಅಂತ ಬರೀಬೇಕು ವೆಂಡೆಲ್. ತಾರೀಖು ಖಾಲಿ ಬಿಡ್ಬೇಕು."

ವೆಂಡೆಲ್ ಕಿಟಕಿಯ ಅಂಚಿನಲ್ಲೇ ಬಗ್ಗಿ ತಿದ್ದಿದ. ತಲೆ ಎತ್ತಿದಾಗ ಇಬೊಯಾ ಅವನು ಬರೆದ ಆ ಒಂದು ಪದವನ್ನೇ ನೋಡುತ್ತಿದ್ದಳು. ಆಮೇಲೆ ಮೇಜಿನ ಖಾನೆ ಎಳೆದು, ಒಳಗಿದ್ದ ಬಾಟಲಿಯಿಂದ ಒಂದು ಹುಳಿ ಸೌತೆಕಾಯಿ ತೆಗೆದು ಕಚ್ಚಿದಳು. ನಮ್ಮ ಕಾರ್ಖಾನೆಯಲ್ಲಿ ಒಂದು ವರ್ಷ ಕೆಲಸ ಮಾಡಿದವರು ಮತ್ತೆ ಜನ್ಮದಲ್ಲಿ ಸೌತೆಕಾಯಿ ಮುಟ್ಟುವುದಿಲ್ಲ. ವೆಂಡೆಲ್ ಅದನ್ನೆಲ್ಲ ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

"ನಿಮ್ಮ ಮಾವನಿಗೆ ಗೊತ್ತಾ?" ಎಂದು ಕೇಳಿದಳು.

"ಇಲ್ಲ. ಭಾನುವಾರ ಊಟಕ್ಕೆ ಬಂದಾಗ ಬೊರೋಕಾ ಹೇಳ್ತಾಳೆ. ಅಲ್ಲೀವರೆಗೆ ನೀವು ದಯವಿಟ್ಟು..."

"ನನ್ನ ಬಾಯಿಂದ ಹೋಗಲ್ಲ." ಸೌತೆಕಾಯಿಯನ್ನು ಇನ್ನೊಮ್ಮೆ ಕಚ್ಚಿ, "ಭಾನುವಾರಾನಾ," ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಪಕ್ಕದ ವಿಭಾಗದಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು, ಅದಕ್ಕೇ ಇರಬೇಕು ಎಂದುಕೊಂಡ ವೆಂಡೆಲ್.

"ಸರಿ, ಡಾಕ್ಟರ್ ಚೀಟಿ ಎಲ್ಲಿ? ಯಾವ ದಿನಕ್ಕೆ ಎಷ್ಟಾಯ್ತು ಅಂತ ಒಂದ್ಸಲ ನೋಡದೆ ನಾನು ತಗೊಳ್ಳೋ ಹಾಗಿಲ್ಲ," ಎಂದು ಫಾರಂ ವಾಪಸು ಕೊಟ್ಟಳು.

ಚೀಟಿ ಬೊರೋಕಾಳ ಕೈಚೀಲದಲ್ಲಿತ್ತು. ಕೈಚೀಲ ಮನೆಯಲ್ಲಿತ್ತು. ಇಷ್ಟು ಹೊತ್ತಿಗೆ ಅವಳು ಮಕ್ಕಳನ್ನು ಕರೆದುಕೊಂಡು ಆಟದ ಬಯಲಿಗೆ ಹೋಗಿರುತ್ತಾಳೆ. ಹೋಗಿ ಬರಬಹುದು.

ಆದರೆ ಫೋರ್ಕ್‌ಲಿಫ್ಟ್ ಯಾರಾದರೂ ನೋಡಿಕೊಳ್ಳಬೇಕಲ್ಲ. ವೆಂಡೆಲ್ ಹೋಗಿ ಒಟ್ಟೋನನ್ನು ಕೇಳಿದ. ಒಟ್ಟೋ ಉಪ್ಪುನೀರಿನ ತೊಟ್ಟಿಗಳ ಮೇಲ್ವಿಚಾರಕ. ಮಂದಿಗೆ ಉಪಕಾರ ಮಾಡುವುದೇ ಅವನ ಚಟ, ಬೇಡವೆಂದರೂ ಬಿಡುವವನಲ್ಲ.

"ಒಂದು ಗಂಟೆ ನೋಡ್ಕೊ ಒಟ್ಟೋ. ಮನೆಗೆ ಹೋಗ್ಬೇಕು."

"ಯಾಕೆ?"

ವೆಂಡೆಲ್‌ಗೆ ಮೊದಲು ಹೊಳೆದದ್ದು ಬಾಯಿಗೆ ಬಂತು. "ಹಲ್ಲು ನೋವು."

"ಯಾವ ಹಲ್ಲು?"

"ಹಿಂದಿಂದು. ಬಲಗಡೆ."

"ಮೊದ್ಲೇ ಹೇಳೋದಲ್ವಾ," ಅಂದ ಒಟ್ಟೋ, ಮುಖದಲ್ಲಿ ನಿಜವಾದ ಮರುಕ. ತನ್ನ ಪೆಟ್ಟಿಗೆಯಿಂದ ಸಣ್ಣ ಶೀಸೆ ತೆಗೆದ. ಅದು ಅವನ ಮಾವ ಭಟ್ಟಿ ಇಳಿಸಿದ ಪ್ಲಮ್ ಹಣ್ಣಿನ ಪಾಲಿಂಕಾ. ಅದರೊಳಗೆ ಒಟ್ಟೋ ಕೆಂಪು ಮೆಣಸಿನಕಾಯಿ ನೆನೆಹಾಕಿದ್ದ. "ನುಂಗ್ಬೇಡ. ಬಾಯಲ್ಲಿ ಇಟ್ಕೊ. ನೂರು ಎಣಿಸು."

ವೆಂಡೆಲ್ ಮೂವತ್ತಕ್ಕೆ ನುಂಗಿದ. ಕಣ್ಣಲ್ಲಿ ನೀರು ಸುರಿಸಿಕೊಂಡು ಸೈಕಲ್ ಹತ್ತಿದ. ಅದನ್ನು ನೋಡಿ ಒಟ್ಟೋಗೆ ನೋವು ಬಹಳ ಜೋರಿದೆ ಎಂದು ಖಾತ್ರಿಯಾಯಿತು.

ಮನೆಯಲ್ಲಿ ಯಾರೂ ಇರಲಿಲ್ಲ. ಕೈಚೀಲ ಗೂಟದಲ್ಲೇ ಇತ್ತು. ವೆಂಡೆಲ್ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಸುರಿದ. ಮಗುವಿನ ಟೋಪಿ, ಅರ್ಧ ತಿಂದ ಬಿಸ್ಕತ್ತು, ಮೂರು ಕೀಲಿಗೊಂಚಲು. ಅವನ ಮನೆಗೆ ಇರುವುದು ಒಂದೇ ಬೀಗ. ಚೀಟಿ ಕೈಗೆ ಸಿಕ್ಕಿದ ಕ್ಷಣದಲ್ಲೇ ಕಿಟಕಿಯ ಹೊರಗೆ ಒಂದು ತಲೆ ಕಾಣಿಸಿತು. ಪಕ್ಕದ ಮನೆಯ ತೆರ್ಕಾ ಅಜ್ಜಿ ಬೇಲಿಗೆ ಒರಗಿ ಬಟಾಣಿ ಸುಲಿಯುತ್ತಾ ನಿಂತಿದ್ದಳು.

"ಹೆಂಡ್ತಿ ಚೀಲಕ್ಕೆ ಕೈ ಹಾಕೋ ಗಂಡಸ್ರನ್ನ ನಾನು ಎರಡು ಥರ ನೋಡಿದ್ದೀನಿ ಮಗಾ. ಕುಡುಕ್ರು, ಅನುಮಾನದವ್ರು. ನೀನು ಯಾವ ಥರ?" ಅಂದಳು ಅಜ್ಜಿ. ಮೂಗೆಳೆದು ನೋಡಿ, "ಕುಡುಕನೇ. ಬೆಳಬೆಳಗ್ಗೇನೇ ಪಾಲಿಂಕಾ ವಾಸ್ನೆ."

"ಡಾಕ್ಟರ್ ಚೀಟಿ ಹುಡುಕ್ತಿದ್ದೆ ಅಜ್ಜಿ, ಅಷ್ಟೆ."

ಅಜ್ಜಿಯ ಕೈಯಲ್ಲಿದ್ದ ಬಟಾಣಿ ಕೆಳಗೆ ಬಿತ್ತು. "ಡಾಕ್ಟರ್ ಚೀಟಿನಾ? ಬೊರೋಕಾಗೇನಾ? ನನಗೆ ಗೊತ್ತಿತ್ತು. ಮುಖ ಬಿಳಚಿಕೊಂಡಿತ್ತು. ಬೆಳಗ್ಗೆ ಹೊತ್ತು ವಾಂತಿ ಮಾಡೋದು ಇಲ್ಲೀವರೆಗೂ ಕೇಳ್ತಿತ್ತು. ಹೊಟ್ಟೆ ಹುಣ್ಣು ಅಂದ್ಕೊಂಡಿದ್ದೆ, ಅದಕ್ಕಿಂತ ದೊಡ್ಡದೇ ಇರ್ಬೇಕು. ನೀನು ಅದಕ್ಕೇ ಕುಡೀತಿದ್ದೀಯ. ಪಾಪ, ಎರಡು ಚಿಕ್ಕ ಮಕ್ಳು." ಅವಳಾಗಲೇ ಶಿಲುಬೆಯ ಗುರುತು ಮಾಡಿಕೊಂಡು ಏಪ್ರನ್ ಬಿಚ್ಚುತ್ತಿದ್ದಳು. "ಪಾದ್ರಿಗಳಿಗೆ ಹೇಳಿ ಬರ್ತೀನಿ. ಸಂಜೆ ಪ್ರಾರ್ಥನೇಲಿ ಹೆಸರು ಸೇರಿಸ್ಲಿ."

ಸಂಜೆಯ ಪ್ರಾರ್ಥನೆಯಲ್ಲಿ ಹೆಂಡತಿಯ ಹೆಸರು ಬಂದರೆ ಏನಾಗುತ್ತದೆ ಎಂದು ವೆಂಡೆಲ್‌ಗೆ ಕಣ್ಣಿಗೆ ಕಟ್ಟಿತು. ಓಡಿಹೋಗಿ ಬೇಲಿಯ ಮೇಲೆ ಅವಳ ತೋಳು ಹಿಡಿದ.

"ಕಾಯಿಲೆ ಅಲ್ಲ ಅಜ್ಜಿ. ಮಗು."

ತೆರ್ಕಾ ಅಜ್ಜಿ ಏಪ್ರನ್ ಮತ್ತೆ ಕಟ್ಟಿಕೊಂಡಳು. ಅವಳ ಮುಖ ಅರಳಿತು.

"ಯಾರಿಗೂ ಹೇಳ್ಬೇಡಿ. ಭಾನುವಾರ ಮಾವನಿಗೆ ಹೇಳೋವರೆಗೂ."

"ನನ್ನ ಹೊಟ್ಟೆಗೆ ಬಿದ್ರೆ ಬಾವಿಗೆ ಬಿದ್ದ ಹಾಗೆ ಕಣಪ್ಪ," ಅಂದಳು ಅಜ್ಜಿ. ಅದು ನಿಜವೂ ಹೌದು. ಅವಳು ಬಾಯಿಂದ ಏನೂ ಹೇಳುವವಳಲ್ಲ. ಕೈಯಿಂದ ಮಾಡಿಬಿಡುತ್ತಾಳೆ.

ವೆಂಡೆಲ್ ಕಾರ್ಖಾನೆಗೆ ವಾಪಸು ಬಂದಾಗ ಗಡಿಯಾರದಲ್ಲಿ ಇನ್ನೂ ಸಮಯವಿತ್ತು. ಆದರೆ ಸಂಬಳದ ಕೋಣೆಯ ಕಿಟಕಿ ಮುಚ್ಚಿತ್ತು. ಪರದೆ ಎಳೆದಿತ್ತು. ತಟ್ಟಿದ, ಸದ್ದಿಲ್ಲ. ಹದಿನಾರು ವರ್ಷದಲ್ಲಿ ಇಬೊಯಾ ಒಂದು ದಿನವೂ ಬೇಗ ಎದ್ದುಹೋದವಳಲ್ಲ ಎಂದು ಕಾವಲುಗಾರ ಹೇಳಿದ. ವೆಂಡೆಲ್ ಫಾರಂನೊಳಗೆ ಚೀಟಿ ಮಡಿಸಿಟ್ಟು ಬಾಗಿಲ ಸಂದಿಯಿಂದ ಒಳಕ್ಕೆ ತಳ್ಳಿದ. ತಳ್ಳಿದ ಮೇಲೆ ಹೊಳೆಯಿತು, ಚೀಟಿಯನ್ನು ಸಂಜೆಯೊಳಗೆ ಹೆಂಡತಿಯ ಚೀಲಕ್ಕೆ ವಾಪಸು ಹಾಕಬೇಕಿತ್ತು. ಬೆರಳು ತೂರಿಸಿ ನೋಡಿದ. ಕಾಗದ ಕೈಗೆ ಸಿಗದಷ್ಟು ದೂರ ಹೋಗಿತ್ತು.

ಅವನು ನೆಲದ ಮೇಲೆ ಬೋರಲಾಗಿ ಮಲಗಿದ್ದಾಗ ಒಟ್ಟೋ ಬಂದ.

"ನೋವಿಗೆ ನೆಲಕ್ಕೆ ಬಿದ್ದುಬಿಟ್ಟಿದ್ದೀಯಲ್ಲೋ ಮಾರಾಯ. ಏಳು. ನಿನ್ನ ಅದೃಷ್ಟ, ಇವತ್ತು ಶುಕ್ರವಾರ. ಹಲ್ಲಿನ ಡಾಕ್ಟರು ಕಾರ್ಖಾನೆಗೆ ಬಂದಿದ್ದಾರೆ. ಸಾಲಲ್ಲಿ ಒಂಬತ್ತು ಜನ ಇದ್ರು, ಎಲ್ಲರ ಕಾಲು ಹಿಡಿದು ನಿನ್ನ ಹೆಸರು ಮೊದಲು ಹಾಕ್ಸಿದ್ದೀನಿ."

"ಈಗ ಕಡಿಮೆ ಆಗಿದೆ ಒಟ್ಟೋ."

"ಕಡಿಮೆ ಆದ್ರೆ ಇನ್ನೂ ಅಪಾಯ. ಒಳಗೇ ಕೊಳೀತಿದೆ ಅಂತ ಅರ್ಥ."

ಡಾಕ್ಟರು ವೆಂಡೆಲ್‌ನ ಹಲ್ಲುಗಳನ್ನು ಒಂದೊಂದಾಗಿ ತಟ್ಟಿ ನೋಡಿದರು. "ಎಲ್ಲಾ ಗಟ್ಟಿ ಇದೆ. ಯಾವುದು ನೋವು?"

ವೆಂಡೆಲ್ ಎಡಗಡೆ ತೋರಿಸಿದ.

"ಬೆಳಗ್ಗೆ ಬಲಗಡೆ ಅಂದಿದ್ದ ಡಾಕ್ಟ್ರೇ," ಅಂದ ಒಟ್ಟೋ ಹಿಂದಿನಿಂದ. "ಹಬ್ಬಿರಬೇಕು."

"ಹಾಗಾದ್ರೆ ಎರಡೂ ಕೀಳೋಣ," ಅಂದರು ಡಾಕ್ಟರು. ಹೊರಗೆ ಒಂಬತ್ತು ಜನ ಕಾದಿದ್ದರಿಂದ ಅವರಿಗೆ ಚರ್ಚೆಗೆ ಪುರುಸೊತ್ತಿರಲಿಲ್ಲ. ಇಕ್ಕಳ ತೆಗೆದುಕೊಂಡರು.

ಮನುಷ್ಯ ಗುಟ್ಟಿಗಾಗಿ ಎಷ್ಟು ಕೊಡಬಲ್ಲ ಎಂಬುದಕ್ಕೆ ಒಂದು ಮಿತಿಯಿದೆ. ವೆಂಡೆಲ್‌ನ ಮಿತಿ ಒಂದು ಹಲ್ಲಿನವರೆಗೆ ಇತ್ತೋ ಏನೋ, ಎರಡಕ್ಕೆ ಇರಲಿಲ್ಲ. ಕುರ್ಚಿಯಿಂದ ಎದ್ದು ಕೂತು ಎಲ್ಲ ಹೇಳಿಬಿಟ್ಟ. ಡಾಕ್ಟರು ಇಕ್ಕಳ ಇಳಿಸಿ ಅಭಿನಂದಿಸಿದರು. ಒಟ್ಟೋ ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತು ಕೊಟ್ಟ.

"ಮೂರನೇದು ಅಂದ್ರೆ ಸಾಮಾನ್ಯಾನಾ. ಮಾವನಿಗೆ ಹೇಳಿದ್ಯಾ?"

"ಅವರಿಗೇ ಹೇಳ್ಬಾರ್ದು ಅಂತ ತಾನೆ ನಾನು ಇಷ್ಟೆಲ್ಲ ಒದ್ದಾಡ್ತಿರೋದು."

"ಹೇಳಲ್ಲ ಬಿಡು," ಅಂದ ಒಟ್ಟೋ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಗುಟ್ಟು ಉಬ್ಬಿದ ಹಿಟ್ಟಿನ ಹಾಗೆ ಪಾತ್ರೆಯಿಂದ ಹೊರಬರುತ್ತಿತ್ತು. ಅಲ್ಲದೆ ಒಟ್ಟೋನ ಮನೆ ಆಚೆ ದಡದಲ್ಲಿ.

ಪಾಳಿ ಮುಗಿದಾಗ ವೆಂಡೆಲ್ ಒಟ್ಟೋನ ಪಕ್ಕವೇ ನಡೆದು ಲಾಂಚು ಹತ್ತಿದ. ಕಾಲ್ಮಾನ್ ಟಿಕೆಟು ಹರಿಯುತ್ತಾ ಅಳಿಯನನ್ನು ನೋಡಿ ಹುಬ್ಬೇರಿಸಿದರು.

"ಏನಪ್ಪಾ ಅಳಿಯಂದ್ರೆ, ಈ ಕಡೆ? ನಿಮ್ಮ ಮನೆ ಆ ಕಡೆ ಅಲ್ವಾ?"

"ಗಾಳಿ ತಗೊಳ್ಳೋಣ ಅಂತ ಮಾವ."

"ದಡದಲ್ಲಿ ಗಾಳಿ ಖಾಲಿಯಾಯ್ತಾ?"

ಒಟ್ಟೋ ನಗುತ್ತಾ ಮುಂದೆ ಬಂದ. "ಕಾಲ್ಮಾನಣ್ಣ, ನಿಮ್ಮ ಅಳಿಯ ಇವತ್ತು..."

ವೆಂಡೆಲ್ ಅವನ ಪಾದದ ಮೇಲೆ ತನ್ನ ಕಬ್ಬಿಣದ ಮೂತಿಯ ಬೂಟು ಇಟ್ಟು ಒತ್ತಿದ. ಒಟ್ಟೋ ಮಾತು ನಿಲ್ಲಿಸಿ ಆಕಾಶ ನೋಡಿದ. ನದಿ ದಾಟುವವರೆಗೂ ವೆಂಡೆಲ್ ಕಾಲು ತೆಗೆಯಲಿಲ್ಲ. ಆಚೆ ದಡದಲ್ಲಿ ಜನರೆಲ್ಲ ಇಳಿದರು. ಒಟ್ಟೋ ಕುಂಟುತ್ತಾ ಹೋದ. ಕುಂಟುವವನ ಬೆನ್ನು ನೋಡಿ ವೆಂಡೆಲ್‌ನಷ್ಟು ಸಂತೋಷಪಟ್ಟವರು ಅವತ್ತು ಬೇರೆ ಯಾರೂ ಇರಲಾರರು. ಇನ್ನು ವಾಪಸು ಹೋಗಿ ಮನೆಯಲ್ಲಿ ಕಾಲು ಚಾಚಿ ಕೂರುವುದಷ್ಟೇ ಬಾಕಿ.

ಆಗ ದಡದ ಇಳಿಜಾರಿನಲ್ಲಿ ಏನೋ ಗಡಗಡ ಸದ್ದಾಯಿತು. ತೆರ್ಕಾ ಅಜ್ಜಿ ಬರುತ್ತಿದ್ದಳು. ಅವಳ ಮುಂದೆ ಒಂದು ಮಗುವಿನ ತಳ್ಳುಗಾಡಿ. ನೀಲಿ ಬಣ್ಣದ್ದು, ಅಂಚಿಗೆ ಬಿಳಿ ಲೇಸು, ದೊಡ್ಡ ದೊಡ್ಡ ಚಕ್ರ, ಒಳಗೆ ಖಾಲಿ. ಖಾಲಿ ತಳ್ಳುಗಾಡಿಯಷ್ಟು ಬಾಯಿಬಡುಕ ವಸ್ತು ಲೋಕದಲ್ಲಿ ಇನ್ನೊಂದಿಲ್ಲ.

"ಈ ದಡದ ಅಕ್ಕನ ಮನೇಲಿ ಸುಮ್ನೆ ಬಿದ್ದಿತ್ತು," ಎಂದು ವೆಂಡೆಲ್‌ನ ಕಿವಿಯಲ್ಲಿ ಪಿಸುಗುಟ್ಟಿ ಕಣ್ಣು ಮಿಟುಕಿಸಿದಳು ಅಜ್ಜಿ. "ನಿಮ್ಮ ಮನೆಯೊಳಗೆ ತರಲ್ಲ, ಭಯ ಪಡ್ಬೇಡ. ಹುಟ್ಟೋಕೆ ಮೊದಲು ಗಾಡಿ ಮನೆಗೆ ಬರ್ಬಾರ್ದು. ನನ್ನ ಕೋಳಿ ಗೂಡಿನ ಪಕ್ಕ ಇಟ್ಟಿರ್ತೀನಿ."

ವೆಂಡೆಲ್ ತಿರುಗಿ ನೋಡಿದ. ಕಾಲ್ಮಾನ್ ತಳ್ಳುಗಾಡಿಯನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ರಕ್ತವಿರಲಿಲ್ಲ. ಅಜ್ಜಿ ಗಾಡಿ ಸಮೇತ ಲಾಂಚು ಹತ್ತಿದ ಕೂಡಲೇ ಹಗ್ಗ ಬಿಚ್ಚಿದರು. ಲಾಂಚು ಹೊರಟಿತು. ನದಿಯ ನಡುವೆ ಬಂದ ಮೇಲೆ ಎಂಜಿನ್ ನಿಲ್ಲಿಸಿ, ವೆಂಡೆಲ್‌ನ ಕೊರಳಪಟ್ಟಿ ಹಿಡಿದು ತಮ್ಮ ಪುಟ್ಟ ಕೋಣೆಯೊಳಗೆ ಎಳೆದು ಬಾಗಿಲು ಹಾಕಿಕೊಂಡರು.

"ಯಾರು ಹೇಳಿದ್ದು?"

"ಯಾವುದನ್ನ ಮಾವ?"

"ನಾಟಕ ಬೇಡ. ಆ ಗಾಡಿ ಯಾಕೆ ಬಂದಿದೆ ಅಂತ ನನಗೆ ಗೊತ್ತಾಗಲ್ವಾ? ಎಷ್ಟು ಜನಕ್ಕೆ ಗೊತ್ತು?"

ಗೋಡೆಗೆ ಮುಖ ಮಾಡಿ ಕೂತ ಆ ಬೆನ್ನು, ಸಿಂಕಿನ ಮುಂದೆ ನಿಂತು ಅಳುವ ಬೊರೋಕಾ, ಎಲ್ಲ ಒಟ್ಟಿಗೆ ವೆಂಡೆಲ್‌ನ ಕಣ್ಣ ಮುಂದೆ ಬಂತು. "ತಪ್ಪಾಯ್ತು ಮಾವ. ಬೊರೋಕಾ ಭಾನುವಾರ..."

"ಬೊರೋಕಾಗೂ ಗೊತ್ತಾ?" ಕಾಲ್ಮಾನ್ ಸ್ಟೂಲಿನ ಮೇಲೆ ಕುಸಿದರು. ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡರು. "ಏನಂದ್ಲು? ಬೈದ್ಲಾ?"

"ಅವಳ್ಯಾಕೆ ಬೈತಾಳೆ?"

"ಅವಳ ವಯಸ್ಸಲ್ಲಿ ಅಪ್ಪನಿಗೆ ಇನ್ನೊಂದು ಮಗು ಹುಟ್ಟುತ್ತೆ ಅಂದ್ರೆ ಬೈಯದೆ ಹಾರ ಹಾಕ್ತಾಳಾ?"

ನದಿ ಲಾಂಚಿನ ಪಕ್ಕೆಗೆ ಮೆತ್ತಗೆ ತಟ್ಟುತ್ತಿತ್ತು. ವೆಂಡೆಲ್ ಕೇಳಿದ್ದನ್ನು ತಲೆಯೊಳಗೆ ಎರಡು ಸಲ ತಿರುಗಿಸಿ ನೋಡಿದ. ಎರಡು ಸಲವೂ ಅದೇ ಬಂತು.

"ಯಾರು ಮಾವ?" ಎಂದ ಕೊನೆಗೆ.

"ಇಬೊಯಾ."

"ನಮ್ಮ ಸಂಬಳದ ಇಬೊಯಾನಾ?"

"ಕೊನೇ ಲಾಂಚಲ್ಲಿ ದಿನಾ ನಾವಿಬ್ರೇ," ಅಂದರು ಕಾಲ್ಮಾನ್. ಐವತ್ತೇಳು ವರ್ಷದ ಗಂಡಸಿನ ಕಿವಿ ಅಷ್ಟು ಕೆಂಪಾಗಬಲ್ಲದು ಎಂದು ವೆಂಡೆಲ್‌ಗೆ ಗೊತ್ತಿರಲಿಲ್ಲ. "ನದಿ ಅಷ್ಟೇನೂ ಅಗಲ ಇಲ್ಲ. ನಾನೇ ನಿಧಾನ ಮಾಡ್ತಿದ್ದೆ."

ವೆಂಡೆಲ್‌ಗೆ ಒಂದು ವಿಷಯ ಮಾತ್ರ ನಿಚ್ಚಳವಾಗಿ ಅರ್ಥವಾಯಿತು: ಮಾವನಿಗೆ ಮಗಳ ಸುದ್ದಿ ಇನ್ನೂ ಗೊತ್ತಿಲ್ಲ. ಇಬೊಯಾ ಕೊಟ್ಟ ಮಾತು ಉಳಿಸಿಕೊಂಡಿದ್ದಾಳೆ. ಭಾನುವಾರ ಇನ್ನೂ ಉಳಿದಿದೆ.

"ಬೊರೋಕಾಗೆ ಗೊತ್ತಿಲ್ಲ ಮಾವ. ನಾನು ಗಾಬರೀಲಿ ಏನೋ ಅಂದೆ."

ಕಾಲ್ಮಾನ್ ಉಸಿರು ಬಿಟ್ಟರು. ಅಳಿಯನ ಕೈ ಹಿಡಿದುಕೊಂಡರು. "ಭಾನುವಾರ ಊಟಕ್ಕೆ ಬರ್ತೀನಲ್ಲ, ನಾನೇ ಹೇಳ್ತೀನಿ. ನನ್ನ ಬಾಯಿಂದಾನೇ ಕೇಳ್ಬೇಕು ಅವಳು. ಬೇರೆಯವರಿಂದ ಕೇಳಿದ್ರೆ ಹೇಗಿರುತ್ತೆ ಅಂತ ನನಗೆ ಗೊತ್ತು. ನಿನ್ನ ಮಕ್ಕಳಾಣೆ, ಅಲ್ಲೀವರೆಗೆ ಅವಳ ಹತ್ರ ಉಸಿರು ಬಿಡ್ಬೇಡ."

"ಬಿಡಲ್ಲ ಮಾವ," ಅಂದ ವೆಂಡೆಲ್. ಅವನಿಗೆ ಆ ಮನುಷ್ಯನ ಮೇಲೆ ಅವತ್ತಿನಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

"ಇನ್ನೊಂದು." ಕಾಲ್ಮಾನ್ ದನಿ ತಗ್ಗಿಸಿದರು. "ಆ ತೆರಿಗೆ ರಿಯಾಯಿತಿ ಫಾರಂ ನೀನು ತುಂಬ್ತೀಯಲ್ಲ. ಹೊಟ್ಟೇಲಿರೋದಕ್ಕೂ ಕೊಡ್ತಾರಂತೆ. ಇಬೊಯಾ ತುಂಬಿಕೊಟ್ಟಿದ್ದಾಳೆ, ಆದ್ರೆ ನಮ್ಮ ಲಾಂಚು ಆಫೀಸಿನ ಗುಮಾಸ್ತ ದಿನಾ ನನ್ನ ಲಾಂಚಲ್ಲೇ ಬರ್ತಾನೆ. ಅವನ ಕೈಗೆ ಹೇಗಪ್ಪಾ ಕೊಡೋದು? ಊರಿಗೆ ಗೊತ್ತಾಗದ ಹಾಗೆ ಕೊಡೋ ದಾರಿ ಏನಾದ್ರೂ ಇದ್ಯಾ?"

"ಇಲ್ಲ ಮಾವ," ಅಂದ ವೆಂಡೆಲ್ ಮನಸ್ಸು ತುಂಬಿ. "ಅಂಥ ದಾರಿ ಇಲ್ಲ."

ಕಾಲ್ಮಾನ್ ಹೊರಗೆ ಹೋಗಿ ತೆರ್ಕಾ ಅಜ್ಜಿಯ ಎರಡೂ ಕೈ ಹಿಡಿದು ವಂದಿಸಿದರು. "ದೊಡ್ಡ ಉಪಕಾರ ತೆರ್ಕಮ್ಮ. ಗಾಡಿ ನನ್ನ ಹತ್ರಾನೇ ಇರ್ಲಿ, ತಾಡಪಾಲು ಮುಚ್ಚಿಡ್ತೀನಿ. ಆದ್ರೆ ಬೊರೋಕಾಗೆ ಮಾತ್ರ ಹೇಳ್ಬೇಡಿ. ಅವಳಿಗಿನ್ನೂ ಗೊತ್ತಿಲ್ಲ. ಭಾನುವಾರ ನಾನೇ ಹೇಳ್ತೀನಿ."

ಕಾಲ್ಮಾನ್ ಎಂಜಿನ್ ಶುರು ಮಾಡಲು ಹೋದ ಮೇಲೆ ಅಜ್ಜಿ ವೆಂಡೆಲ್‌ನ ಕಿವಿಯ ಹತ್ತಿರ ಬಂದಳು.

"ಹೊಟ್ಟೇಲಿರೋದು ಬೊರೋಕಾಗೇ ಗೊತ್ತಿಲ್ವಾ? ನಿಮಗೆಲ್ಲ ಗೊತ್ತು, ಅವಳಿಗೆ ಗೊತ್ತಿಲ್ಲ. ಅದು ಹೇಗಪ್ಪಾ ಸಾಧ್ಯ?"

"ಬಹಳ ಕಷ್ಟದ ವಿಷಯ ಅಜ್ಜಿ," ಅಂದ ವೆಂಡೆಲ್.

ಮನೆಗೆ ಬಂದಾಗ ಬೊರೋಕಾ ಆಲೂಗಡ್ಡೆ ಪಲ್ಯಕ್ಕೆ ಕೆಂಪು ಮೆಣಸಿನಪುಡಿ ಹಾಕಿ ಕುದಿಸುತ್ತಿದ್ದಳು. ಮಕ್ಕಳು ಮೇಜಿನ ಕೆಳಗೆ ಜಗಳವಾಡುತ್ತಿದ್ದರು. ವೆಂಡೆಲ್‌ಗೆ ಆ ವಾಸನೆ, ಆ ಗಲಾಟೆ ಎರಡೂ ಸ್ವರ್ಗದ ಹಾಗೆ ಅನ್ನಿಸಿತು. ಕೂತು ತಟ್ಟೆಗೆ ಮುಖ ಬಗ್ಗಿಸಿದ. ಇವತ್ತು ಅವನಿಗೆ ಮಾತು ಬೇಡವಾಗಿತ್ತು.

ಬೊರೋಕಾ ಎದುರಿಗೆ ಕೂತಳು. "ನಾನೊಂದು ತಪ್ಪು ಮಾಡ್ಬಿಟ್ಟೆ. ಬೈಬೇಡ."

ವೆಂಡೆಲ್ ತಲೆ ಎತ್ತಿದ.

"ನಿನಗೆ ಸೋಮವಾರ ಕೊಡು ಅಂದ್ನಲ್ಲ, ಆಮೇಲೆ ಈ ತಿಂಗಳದ್ದು ಹೋಗಿಬಿಡುತ್ತಾ ಅಂತ ತಲೆಗೆ ಹತ್ತಿತು. ಹನ್ನೊಂದು ಗಂಟೆಗೆ ಇಬೊಯಾಗೆ ಫೋನ್ ಮಾಡಿ ಕೇಳಿದೆ. ಯಾರಿಗೂ ಹೇಳಲ್ಲ ಅವಳು, ಹಳೇ ಪರಿಚಯ. ಏನೂ ಹೋಗಲ್ವಂತೆ. ಈಗ ಕೊಡದೇ ಇದ್ರೂ ವರ್ಷದ ಕೊನೆ ಲೆಕ್ಕದಲ್ಲಿ ಅಷ್ಟೂ ವಾಪಸ್ ಬರುತ್ತಂತೆ. ಅವಸರ ಮಾಡೋ ಅಗತ್ಯಾನೇ ಇಲ್ವಂತೆ."

"ಓ," ಅಂದ ವೆಂಡೆಲ್. ಹಿಂದಿನ ಹಲ್ಲುಗಳನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡ.

"ಹೇಳ್ತಾ ಹೇಳ್ತಾ ಅತ್ತುಬಿಟ್ಲು ಪಾಪ. ಮೈ ಸರಿ ಇಲ್ಲ, ಈಗಲೇ ಮನೆಗೆ ಹೋಗ್ತೀನಿ ಅಂದ್ಲು. ಒಬ್ಬಂಟಿ ಹೆಂಗಸು ಕಣೋ. ಇನ್ನೊಬ್ಬರಿಗೆ ಮಗು ಅಂದ ತಕ್ಷಣ ಕರುಳು ಚುರುಕ್ ಅಂದಿರುತ್ತೆ. ನನಗೆ ತಡೀಲಿಲ್ಲ. ಭಾನುವಾರ ಊಟಕ್ಕೆ ಬಾ ಅಂತ ಕರೆದುಬಿಟ್ಟೆ. ಮೊದಲು ಬರಲ್ಲ ಬರಲ್ಲ ಅಂದ್ಲು, ಆಮೇಲೆ ಒಪ್ಕೊಂಡ್ಲು."

ವೆಂಡೆಲ್‌ನ ಚಮಚ ಗಾಳಿಯಲ್ಲಿ ನಿಂತಿತು.

ಬೊರೋಕಾ ಮಕ್ಕಳಿಗೆ ಕೇಳದಂತೆ ಮುಂದಕ್ಕೆ ಬಾಗಿದಳು. ಅವಳ ಮುಖದಲ್ಲಿ ಬಹಳ ದಿನದಿಂದ ಕಾಣದ ಒಂದು ಉತ್ಸಾಹ ಹೊಳೆಯುತ್ತಿತ್ತು. "ಆಮೇಲೆ ನನಗೊಂದು ಯೋಚನೆ ಬಂತು. ಅಪ್ಪನೂ ಒಂಟಿ, ಅವಳೂ ಒಂಟಿ. ದಿನಾ ಒಂದೇ ಲಾಂಚಲ್ಲಿ ಓಡಾಡ್ತಾರೆ, ಒಬ್ಬರನ್ನೊಬ್ಬರು ಮುಖ ಎತ್ತಿ ನೋಡಿರಲ್ಲ. ಅಪ್ಪನ ಪಕ್ಕದಲ್ಲೇ ಅವಳನ್ನ ಕೂರಿಸ್ತೀನಿ. ಏನಂತೀಯ?"

"ಕೂರಿಸು," ಅಂದ ವೆಂಡೆಲ್.

"ಇಬ್ರೂ ನಾಚಿಕೆಯವ್ರು. ಮೊದಲ್ನೇ ದಿನ ಉಪ್ಪು ಕೊಡಿ ಅಂತ ಒಂದು ಮಾತು ಆಡಿದ್ರೆ ಅದೇ ಹೆಚ್ಚು. ಹೀಗೇ ನಾಲ್ಕಾರು ಸಲ ಊಟಕ್ಕೆ ಕರೀಬೇಕು. ಎರಡು ಮೂರು ವರ್ಷ ಹಿಡಿದ್ರೂ ಚಿಂತೆ ಇಲ್ಲ, ಒಂದಿನ ಕೈ ಕೈ ಹಿಡ್ಕೊಂಡ್ರೆ ಸಾಕು ನನಗೆ." ಅವಳು ಎಚ್ಚರಿಕೆಯ ಬೆರಳೆತ್ತಿದಳು. "ನೀನು ಮಾತ್ರ ಮಧ್ಯೆ ಬಾಯಿ ಹಾಕಿ ಕೆಡಿಸ್ಬೇಡ. ಅಪ್ಪ ಬೆಚ್ಚಿಬಿಡ್ತಾರೆ. ಇದು ನಮ್ಮಿಬ್ಬರಲ್ಲೇ ಇರ್ಲಿ."

ವೆಂಡೆಲ್ ತಲೆಯಾಡಿಸಿದ. ಬಾಯಿ ತೆರೆದರೆ ಯಾವುದು ಮೊದಲು ಹೊರಗೆ ಬೀಳುತ್ತದೋ ಅವನಿಗೇ ಗೊತ್ತಿರಲಿಲ್ಲ. ಹಸಿವೆ ಇಲ್ಲದಿದ್ದರೂ ತಟ್ಟೆ ಮುಂದಕ್ಕೆ ಸರಿಸಿ ಇನ್ನೊಂದು ಸೌಟು ಹಾಕಿಸಿಕೊಂಡ.